ಅರ್ಧ ಛಾಯೆ

ಸೋಲ್ ಪಟ್ಟಣದ ಉಲ್ಜಿರೊ ಗಲ್ಲಿ, ಮೂರನೆಯ ಷಟರು.
ಓಕ್‌ಬುನ್ ಅಜ್ಜಿಯ ಮುಂದಿಟ್ಟೆ
ಒಂದೇ ಒಂದು ಕೀಲಿಯ ಟೊಪ್ಪಿಗೆ:
ಮಾಗಿದ ಪರ್ಸಿಮನ್ ಹಣ್ಣಿನ ಬಣ್ಣ.
"ನಾಬ್ ಇದಕ್ಕೆ ಜೋಡಿಯಾಗಬೇಕು.
ಕೀಲಿಮಣೆಯ ಬಲಮೂಲೆಯಲ್ಲಿ ಅದೊಂದೇ
ಬೋಳು ಅಲ್ಯುಮಿನಿಯಂ,
ದಾರಿ ತಪ್ಪಿ ಯಾರದೋ ಮದುವೆಗೆ ಬಂದವನ ಹಾಗೆ."

ಮೊದಲನೆಯದು ಟ್ಯೂಬ್‌ಲೈಟಿನಡಿ ತದ್ರೂಪ,
ಬಾಗಿಲಾಚೆ ತಂದರೆ ಇಟ್ಟಿಗೆ.
ಎರಡನೆಯದು ಕೆಮ್ಮಿನ ಔಷಧಿ.
ಮೂರನೆಯದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

"ಪ್ಲಾಸ್ಟಿಕ್ಕು ಬಣ್ಣ ಕುಡಿದೇ ಹುಟ್ಟುತ್ತದೆ," ಅಂದಳು
ಕೈಗವಸು ಕಳಚುತ್ತ,
"ಲೋಹ ಉಟ್ಟುಕೊಳ್ಳುತ್ತದೆ, ಅಷ್ಟೆ."
ಆಮೇಲೆ ಟೊಪ್ಪಿಗೆಯನ್ನು ಉಗುರಿನಿಂದ ತಟ್ಟಿ:
"ಇದನ್ನು ಒತ್ತಿಯೇ ಇಲ್ಲವಲ್ಲೋ ನೀನು!
ದಿನಾ ಬಡಿಯುವುದು ಯಾವುದು? ಅದನ್ನು ತಾ."

ನಿಜ. ಡಬ್ಬಿಯಲ್ಲೇ ಉಳಿದಿದ್ದ ಹೆಚ್ಚುವರಿ ಅದು.

ಮರುದಿನ ಸ್ಪೇಸ್‌ಬಾರನ್ನೇ ಕಿತ್ತು ಒಯ್ದೆ.
ಎರಡು ವರ್ಷ ಹೆಬ್ಬೆರಳು ಬಿದ್ದ ಕಡೆ
ಎಣ್ಣೆ ಸವರಿದಂಥ ಹೊಳಪು, ಮಿಕ್ಕಿದ್ದೆಲ್ಲ ಮಂಕು.
ಆ ಹೊಳಪನ್ನೇ ನೋಡಿದಳು, ಬಹಳ ಹೊತ್ತು.
ನಾಬಿಗೆ ತಂತಿ ಕಟ್ಟಿ ತೊಟ್ಟಿಗಿಳಿಸಿದಳು.
ಅಷ್ಟರಲ್ಲಿ ನೂಡಲ್ಸ್ ಬಂತು,
ನಿಂತೇ ಎರಡು ತುತ್ತು ಉಂಡು
ಎತ್ತಿದಳು.

ಅರ್ಧ ಛಾಯೆ ಗಾಢ.
"ಹೊಂದುತ್ತಿಲ್ಲ," ಅಂದೆ.
"ಇನ್ನೂ ಬಡಿಯುತ್ತೀಯಲ್ಲ," ಅಂದಳು.

ದುಡ್ಡು ತೆಗೆದುಕೊಂಡದ್ದು ಒಂದಕ್ಕೇ.
ಮಿಕ್ಕ ಮೂರನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದಳು;
ಅಲ್ಲಿ ಆಗಲೇ ಇದ್ದವು
ಯಾರದೋ ಹಸಿರಿಗೆ ಒಪ್ಪದ ಹಸಿರು,
ನೀಲಿಗೆ ನೀಲಿಯಾಗದ ನೀಲಿ.
ಮುಚ್ಚಳ ಹಾಕುವ ಮುನ್ನ
ಕಿಣಿಕಿಣಿ ಅಂದವು, ಒಂದಕ್ಕೊಂದು ತಾಗಿ.