ಹದಿನೈದು ಸೆಂಟಿಮೀಟರು

ಪುಂಟಾ ಅರೇನಾಸಿನ ಅಂಗಡಿಯಲ್ಲಿ ಉಳಿದಿದ್ದದ್ದು
ಎಪ್ಪತ್ತರ ಜಿಪ್ಪೊಂದೇ. ಬೇಕಾದ್ದು ಐವತ್ತೈದು.
"ಕತ್ತರಿಸಿಕೊಂಡರಾಯಿತು" ಅಂದಳು ಎದುವೀನ,
ಬಟಾಣಿ ಸುಲಿಯುತ್ತ, ತಲೆಯೆತ್ತದೆ.

ಹೋದ ಸಲ ಹಾಗೇ ಕತ್ತರಿಸಿದ್ದೆ.
ರನ್ನರ್ ಇನ್ನೂ ಮೇಲೇ ಇತ್ತು; ಟಣ್ಣನೆ ಹಾರಿ ಒಲೆಯಡಿ ಸೇರಿತು.
ಕೈಯಲ್ಲುಳಿದದ್ದು ಹಲ್ಲು ಕಚ್ಚಿಕೊಂಡ ಪಟ್ಟಿ,
ಎಷ್ಟು ಮುದ್ದುಮಾಡಿದರೂ ಬಾಯಿ ಬಿಡಲಿಲ್ಲ.

ಈ ಸಲ ಮೊದಲು ಅದನ್ನು ಕೆಳಗಿಳಿಸಿದೆ.
ಸೀಮೆಸುಣ್ಣದ ಗೆರೆ. ಜಿಗ್‌ಜಾಗ್, ಹೊಲಿಗೆಯುದ್ದ ಸೊನ್ನೆ.
ಮೋಟಾರನ್ನು ನಂಬದೆ ಗಾಲಿಯನ್ನು ಕೈಯಲ್ಲೇ ತಿರುಗಿಸಿದೆ:
ಸೂಜಿ ಹಲ್ಲಿನ ಆಚೆಗೊಮ್ಮೆ, ಈಚೆಗೊಮ್ಮೆ,
ಎಂಟು ಸಲ, ಒಂದೇ ಜಾಗದಲ್ಲಿ.
ಇಲ್ಲಿಂದ ಮುಂದೆ ದಾರಿಯಿಲ್ಲ.
ಇನ್ನೊಂದು ಬದಿಗೂ ಅಷ್ಟೇ.

ಆಮೇಲೆ ಕತ್ತರಿ.
ಕಣ್ಣು ಮುಚ್ಚಿಕೊಂಡೆನೇನೋ.

ಏಡಿ ದೋಣಿಗೆ ಹೊರಟ ಬೆಲಿಸಾರಿಯೊ,
ಕೈಗವಸಿನ ಬೆರಳಿಗೂ ಸಿಗಲೆಂದು ನಾನು ಕಟ್ಟಿದ
ಕೆಂಪು ದಾರ ಹಿಡಿದು ಗದ್ದದವರೆಗೆ ಎಳೆದ.
ನಿಂತಿತು.
ಬಾಗಿಲು ತೆರೆದದ್ದೇ ಗಾಳಿ ಗೋಡೆಯ ಕ್ಯಾಲೆಂಡರನ್ನು ಕಿತ್ತಿತು.
"ಕುತ್ತಿಗೆಗೆ ಚುಚ್ಚುತ್ತೆ" ಅಂದ, ಕಾಲರಿನೊಳಗಿಂದ.

ಉಳಿದ ತುಂಡಿನಿಂದ ಎದುವೀನ ಆಗಲೇ
ಬಟಾಣಿ ಚೀಲದ ಬಾಯಿ ಬಿಗಿದಿದ್ದಳು.