ಲಿಂಗರಾಜ ಅಂತ ಕರದ್ರ

ಔಷಧ ಕೊಡೂ ಕಿಟಕ್ಯಾಗಿಂದ
"ಲಿಂಗರಾಜ" ಅಂತ ಕೂಗಿದೆ.
ಇಬ್ರು ಎದ್ರು.

ಒಬ್ಬಾಂವ ನಮ್ಮ ಇಳಕಲ್ಲಿನಾಂವನ,
ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕೂತು ಕೂತು
ಸಕ್ರಿ ಕಾಯಿಲೆ ಹಚ್ಚಿಕೊಂಡಾಂವ.
ಇನ್ನೊಬ್ಬಾಂವನ ಹುಬ್ಬಿನ ಮ್ಯಾಲ
ಕೆಂಪುಗಲ್ಲಿನ ಹಿಟ್ಟು,
ಗಂಟಲಾಗ ಒಣ ಕೆಮ್ಮು.
ಊರು ಅಂದ್ರ ಒಡಿಶಾ ಅಂದ.
ಆ ಕಡಿನೂ ಲಿಂಗರಾಜ ಇರತಾನಂತ
ನನಗೇನು ಗೊತ್ತು!

ಚೀಟ್ಯಾಗ ವಿಳಾಸದ ಜಾಗಾ ಇತ್ತು.
"ಪಾಲಿಶ್ ಶೆಡ್, ನಂಬರ್ ಮೂರು" ಬರದೆ.
ರೇಷನ್ ಕಾರ್ಡು? ಊರಾಗ.
ಹೆಂಡ್ತಿ, ಮಕ್ಕಳು? ಊರಾಗ.
ಕೆಮ್ಮು ಎಲ್ಲಿ ಹತ್ತಿತು?
ಅದೊಂದು ಇಲ್ಲೇ.

ಅವನ ಭಾಷೆ ನನಗ ಬರೂದಿಲ್ಲ,
ನನ್ನ ಹಿಂದಿ ಟೀವಿ ಹಿಂದಿ.
ನೇಕಾರ ಲಿಂಗರಾಜಣ್ಣನ ನಡುವ ಬಂದು ನಿಂತ.
ಸೊಲ್ಲಾಪುರದ ಮಗ್ಗದಾಗ ಹನ್ನೆರಡು ವರ್ಷ
ಪರದೇಶಿಯಾಗಿ ಬಾಳಿದಾಂವ.
"ಆಸ್ಪತ್ರಿ ಹಿಂದಿ ನನಗ ಬರತೈತಿ ತಗೋ, ತಂಗಿ.
ಎಲ್ಲಿ ನೋವು ಅಂತ ಹೇಳಾಕ ಬರದ
ಅಲ್ಲಿ ಮೂರು ದಿನ ಸುಮ್ಮನ ಮಲಗಿದ್ದೆ."

ಗುಳಿಗಿ ಎರಡು ನಮೂನಿ.
ಒಂದು ಪಾಕೀಟಿನ ಮ್ಯಾಲ ಸೂರ್ಯನ್ನ ಬರದೆ:
ದುಂಡಗ, ಸುತ್ತಲೂ ಕಿರಣ.
ಇನ್ನೊಂದರ ಮ್ಯಾಲ ಅರ್ಧಚಂದ್ರ.
ಓದಾಕ ಬರದವರಿಗೆ ಹಿಂಗ ಬರೀಬೇಕಂತ
ತರಬೇತ್ಯಾಗ ಕಲಿಸಿದ್ರು,
ಅವಲಕ್ಕಿ, ಚಹಾನೂ ಕೊಟ್ಟಿದ್ರು.
ತಿಳೀತೇನಪಾ? ಅಂದೆ.
ಗೋಣು ಹಾಕಿದ.
ಗೋಣು ಎಲ್ಲಾರೂ ಹಾಕತಾರ.

ಎಂಟು ದಿನಕ್ಕ ಬಂದ.
ಸೂರ್ಯಂದು ಯಾವಾಗ ತಗೊಂಡಿ?
ರಾತ್ರಿ ಎಂಟಕ್ಕ.
ಚಂದ್ರಂದು?
ಮುಂಜಾನೆ.
ನಾ ಹಣಿ ಬಡಕೊಂಡೆ,
ಪಾಳೇಕ ನಿಂತವರು ನಕ್ರು.
ಅಂವ ನಗಲಿಲ್ಲ.
ಪಾಕೀಟು ಕಿಟಕಿ ಕಟ್ಟಿಮ್ಯಾಲ ಇಟ್ಟು
ಒಡದ ಉಗುರಿಲೆ ಕಿರಣ ಒಂದೊಂದ ಮುಟ್ಟಿಕೋತ
ಏನೋ ಅಂದ.
ಲಿಂಗರಾಜಣ್ಣ ಒಂದು ಗಳಿಗಿ ಸುಮ್ಮನಿದ್ದು ಹೇಳಿದ:

"ಇದು ಸೂರ್ಯ ಅಲ್ಲಂತ, ತಂಗಿ.
ಕಲ್ಲು ಕೊಯ್ಯೂ ಚಕ್ರಂತ. ಹಲ್ಲು ಅದಾವಲ್ಲ.
ಚಕ್ರ ಚಾಲೂ ಆಗೂ ಮೊದಲ ಒಂದು ಗುಳಿಗಿ.
ಇದು ಸವದು ಮುರದ ಚಕ್ರ,
ಪಾಳಿ ಬಿಟ್ಟ ಮ್ಯಾಲ ಒಂದು."

ಪಾಕೀಟು ಮತ್ತೊಮ್ಮೆ ನೋಡಿದೆ.
ಖರೇನ ಹಲ್ಲಿದ್ದುವು.
ರಾತ್ರಿ ಪಾಳಿಯಾಂವಗ ನಾ ಎಲ್ಲಿಯ ಸೂರ್ಯನ್ನ ತರಲಿ?
ಅಂವ ಮಲಗೂ ಹೊತ್ತಿಗೆ ಹುಟ್ಟಿ
ಏಳೂ ಹೊತ್ತಿಗೆ ಮುಳುಗೂದದು.
ಹನ್ನೆರಡು ತಾಸಿನ ಲೆಕ್ಕ ತಪ್ಪಿರಲಿಲ್ಲ,
ಒಂದು ಗುಳಿಗಿ ಉಳಿದಿರಲಿಲ್ಲ.
ನಕ್ಕವರಾಗ ಎಷ್ಟೋ ಮಂದಿ
ಗುಳಿಗಿ ಟ್ರಂಕಿನ್ಯಾಗ ಇಟ್ಟು ಮರತವರು.

ಕಫದಾಗ ಏನೂ ಸಿಗಲಿಲ್ಲ.
ಡಾಕ್ಟರು ಬೆನ್ನಿಗೆ ನಳಿಗಿ ಇಟ್ಟು ಭಾಳ ಹೊತ್ತು ಕೇಳಿದ್ರು.
"ಇಲ್ಲಿ ಮಷಿನ್ ಕೆಟ್ಟೈತಿ,
ಬಾಗಲಕೋಟಿಗೆ ಹೋಗಿ ಎಕ್ಸ್‌ರೇ ತಗಸು. ಪುಕ್ಕಟೆ."
ಪುಕ್ಕಟೆ ಅನ್ನೂ ಮಾತು ಹಿಂದಿಗೆ ಹೋಗಿ ಬರೂದ್ರಾಗ
ಒಂದು ದಿನದ ಪಗಾರ ಆತು,
ಬಸ್ ಚಾರ್ಜ್ ಆತು,
ಮುಕಾದಮನ ಮುಖ ಆತು.
ಲಿಂಗರಾಜಣ್ಣ ಒಂದು ದಿನ ಮಗ್ಗ ನಿಲ್ಲಿಸಿ
ಜೋಡಿ ಹೋಗಿ ಬಂದ.

ಫಿಲ್ಮು ಈಗ ನನ್ನ ಡ್ರಾದಾಗ ಐತಿ.
ಬೆಳಕಿಗೆ ಹಿಡದ್ರ ಎರಡೂ ಪುಪ್ಪುಸದಾಗ
ಸಣ್ಣ ಸಣ್ಣ ಬಿಳಿ ಚುಕ್ಕಿ,
ಪಾಲಿಶ್ ಆಗದ ಕಲ್ಲಿನಂಗ.
ಆಶಾ ಕಾರ್ಯಕರ್ತಿ ಮೂರನೇ ಶೆಡ್ಡಿಗೆ ಹೋಗಿ ಬಂದ್ಲು.
ಬ್ಯಾರೆ ಗುಂಪು ಬಂದೈತಂತ.
ಮೊದಲಿನವರು ಹೊಸಪೇಟಿ ಕಡೆ ಹೋದ್ರಂತ,
ಇಲ್ಲಾ ಊರಿಗೆ.

ಈಗ ಚಿತ್ರ ಬರದು
"ಇದೇನು?" ಅಂತ ಮೊದಲ ಕೇಳತೀನಿ.
ಒಬ್ಬಾಕಿ ಚಕ್ಕುಲಿ ಅಂದ್ಲು.
ಇಟ್ಟಂಗಿ ಭಟ್ಟಿ ಹುಡುಗ ಸೈಕಲ್ ಗಾಲಿ ಅಂದ.
ಆತು ಬಿಡಪಾ, ಗಾಲಿ.
ಅದು ನಿಂದು ಯಾವಾಗ ತಿರಗತೈತಿ?

ತಿಂಗಳಿಗೊಮ್ಮಿ ಸಕ್ರಿ ಗುಳಿಗಿಗೆ
"ಲಿಂಗರಾಜ" ಅಂತ ಕೂಗತೀನಿ.
ಒಬ್ಬನ ಏಳತಾನ.
ಎದ್ದು,
ಒಮ್ಮೆ ಹಿಂದಕ್ಕ ತಿರುಗಿ ನೋಡತಾನ.