ಬೆಸ ಹಲ್ಲು

ಮೂವತ್ತೊಂದು ವರ್ಷ ಟ್ರೆಲ್ಯೂ ಊರಿನ ಬಾಯಿಗೆಲ್ಲ
ಹಲ್ಲು ಕಟ್ಟಿಕೊಟ್ಟವಳು ನಾನು,
ಮೇಣದಲ್ಲಿ ಅಚ್ಚು ತೆಗೆದು, ಒಸಡಿನ ಬಣ್ಣ ಹೊಂದಿಸಿ.
ಕುರಿಮಾಂಸ ಜಗಿದರೆ ಸಾಕು ಎಂದವರಿಗೂ
ನಗಲು ಬರುವ ಹಾಗೆ.

ಹಾಗಾಗಿ ಎರ್ಮೆಲಿಂದ ನಹುವೆಲ್ಪಾನ್ ತನ್ನ ಶೆಡ್ಡಿನಲ್ಲಿ
ಹಳೆಯ ಸ್ಪ್ರಾಕೆಟ್ ಬಿಚ್ಚಿ ಬೆಳಕಿಗೆ ಹಿಡಿದಾಗ
ಮೊದಲು ಬಾಯಿಬಿಟ್ಟವಳು ನಾನೇ:
ಒಂದೇ ಕಡೆಗೆ ಸವೆದಿದೆ, ನೋಡು,
ಎಲ್ಲ ಹಲ್ಲೂ ಅಲೆಯ ಹಾಗೆ ಬಾಗಿ.
ಅವಳು ನನ್ನತ್ತ ನೋಡಿದಳು,
ಡೆಲ್ಫೋರ್‌ನತ್ತ ಅಲ್ಲ.

ಡೆಲ್ಫೋರ್‌ಗೆ ಬೇಕಿದ್ದದ್ದು ಹದಿನಾರು.
ಮುಂದೆ ಹದಿನಾರು, ಹಿಂದೆ ನಲವತ್ತಮೂರು.
ನೂರರ ವೇಗದಲ್ಲಿ ಎಂಜಿನ್ನು ಐದು ಸಾವಿರದಿಂದ
ನಾಲ್ಕು ಸಾವಿರದ ಏಳುನೂರಕ್ಕೆ ಇಳಿಯುತ್ತದೆ,
ಪೆಟ್ರೋಲು ಉಳಿಯುತ್ತದೆ, ಅಂಗೈ ಜುಮ್ಮೆನ್ನುವುದಿಲ್ಲ.
ಸಿಗರೇಟು ಪ್ಯಾಕಿನ ಬೆನ್ನಿಗೆ ಬರೆದು ತಂದಿದ್ದ ಲೆಕ್ಕ,
ಉತ್ತರಕ್ಕೆ ಎರಡು ಸಲ ಅಡಿಗೆರೆ.

ಎರ್ಮೆಲಿಂದ ನಿಧಾನ ಓದಿದಳು. ಸರಿಯಾಗಿದೆ, ಅಂದಳು.
ಗಾಳಿ ಯಾವ ಸಾಲಿನಲ್ಲಿದೆ?

ಆಮೇಲೆ ನನ್ನ ತೂಕ ಕೇಳಿದಳು.
ಗಂಡನ ಎದುರು ಹಾಗೆ ಯಾರೂ ಕೇಳಿರಲಿಲ್ಲ.
ಎಪ್ಪತ್ತೆಂಟು, ಅಂದೆ, ಎರಡು ಕಿಲೋ ನುಂಗಿಕೊಂಡು.

ಡೇರೆ, ಒಲೆ, ಎರಡು ಪೆಟ್ಟಿಗೆ, ನೀವು,
ಮತ್ತೆ ಕಡಲಿಂದ ಬೆಟ್ಟದವರೆಗೂ ಎದೆಗೆ ಗುದ್ದುವ ಪಡುವಣ ಗಾಳಿ.
ಹದಿನಾರು ಹಾಕಿದರೆ ಐದನೇ ಗೇರು ಇದ್ದೂ ಇಲ್ಲದ ಹಾಗೆ.
ಮುಂದಿನ ಒಂದು ಹಲ್ಲೆಂದರೆ ಹಿಂದಿನ ಮೂರು, ಸಣ್ಣ ಮಾತಲ್ಲ.
ಇನ್ನೂ ಒಂದು: ಚೈನಿಗೆ ನೂರಹನ್ನೆರಡು ಕೊಂಡಿ.
ಹದಿನಾರು ಅದನ್ನು ಶೇಷವಿಲ್ಲದೆ ಭಾಗಿಸುತ್ತದೆ,
ಏಳು ಸುತ್ತಿಗೊಮ್ಮೆ ಅದೇ ಹಲ್ಲಿಗೆ ಅದೇ ಕೊಂಡಿ,
ಒಂದು ಕೊಂಡಿ ಕೆಟ್ಟಿದ್ದರೆ ಆ ಒಂದು ಹಲ್ಲನ್ನೇ ತಿನ್ನುತ್ತದೆ.
ಹದಿನೈದು ಬೆಸ. ಲೆಕ್ಕಕ್ಕೆ ಬಗ್ಗುವುದಿಲ್ಲ.
ಪ್ರತಿ ಕೊಂಡಿಯೂ ಎಲ್ಲ ಹಲ್ಲಿನ ಋಣ ತೀರಿಸಿಯೇ
ಮೊದಲನೆಯದರ ಹತ್ತಿರ ಬರಬೇಕು.

ಡೆಲ್ಫೋರ್ ನಕ್ಕ: ಮೂವತ್ತಾರು ವರ್ಷ
ಅದೇ ಹಲ್ಲು ಅದೇ ಕೊಂಡಿ, ನಾವೇನು ಸವೆದಿದ್ದೇವಾ ನೆಸ್ತಾ?
ನಾನು ಉತ್ತರಿಸಲಿಲ್ಲ.
ಸವೆತ ನೋಡಿಯೇ ಅನ್ನ ಉಂಡವಳು.

ಹದಿನಾರೇ ಕೂತಿತು. ಹಣ ಅವನದು, ಹಟ ಅವನದು.
ಎರ್ಮೆಲಿಂದ ಹದಿನೈದನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿ
ಅವನ ಕೈಗಲ್ಲ, ನನ್ನ ಕೈಚೀಲಕ್ಕೆ ಹಾಕಿದಳು.

ಲಾಸ್ ಪ್ಲೂಮಾಸ್‌ವರೆಗೆ ಅವನು ಗೆದ್ದ.
ಆಮೇಲೆ ಗಾಳಿ ಎದ್ದಿತು.
ಐದರಿಂದ ನಾಲ್ಕು, ನಾಲ್ಕರಿಂದ ಮೂರು,
ಉಳಿಸಿದ ಪೆಟ್ರೋಲನ್ನೆಲ್ಲ ಕುಡಿಯುತ್ತ ಎಂಜಿನ್ನು
ತಲೆ ತಗ್ಗಿಸಿ ತೆವಳಿತು.
ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುತ್ತಾರಲ್ಲ,
ನಮ್ಮಲ್ಲಿ ಒಂದು ಹಲ್ಲು ಹೆಚ್ಚೇ ಇತ್ತು,
ಕಚ್ಚಲು ಗಾಳಿ ಬಿಟ್ಟು ಬೇರೇನಿಲ್ಲ.

ಲಾಸ್ ಅಲ್ತಾರೆಸ್. ಕೆಂಪು ಬಂಡೆ. ಪೆಟ್ರೋಲ್ ಬಂಕಿನ ಹಿಂಗೋಡೆ.
ಮಾತಿಲ್ಲದೆ ಮಂಡಿಯೂರಿದ.
ತುಟಿಗೆ ಹಚ್ಚುವ ಮುಲಾಮು, ಬಿ.ಪಿ. ಮಾತ್ರೆ,
ಅವುಗಳ ನಡುವಿಂದ ಆ ಪೊಟ್ಟಣ ತೆಗೆದಿಟ್ಟೆ.
ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ.
ನಾನು ಹಿಂದಿನ ಬ್ರೇಕು ಅದುಮಿ ಹಿಡಿದೆ,
ಮೂರನೇ ಎಳೆತಕ್ಕೆ ನಟ್ಟು ಅಲುಗಿತು.
ಚಿಕ್ಕ ಸ್ಪ್ರಾಕೆಟ್ಟಿಗೆ ಚೈನು ಜೋತುಬಿತ್ತು,
ಚಕ್ರವನ್ನು ಎರಡು ಗೆರೆ ಹಿಂದಕ್ಕೆ ಸರಿಸಿದ.
ಇನ್ನೂ ಬಿಗಿಯಲು ಹೋದಾಗ ತಡೆದೆ:
ಸಾಕು, ನಾನು ಕೂತಾಗ ತಾನೇ ಬಿಗಿಯಾಗುತ್ತದೆ,
ಕಟ್ಟಿದ ಹಲ್ಲಿಗೂ ಚೂರು ಸಡಿಲ ಬೇಕು.

ಬಿಚ್ಚಿದ್ದನ್ನು ಎಸೆಯಲೇ, ಅಂದ.
ಬೇಡ, ಅಂದೆ. ಬರುವಾಗ ಗಾಳಿ ಬೆನ್ನಿಗಿರುತ್ತದೆ.

ಗಾಳಿಯೇನೂ ಇಳಿಯಲಿಲ್ಲ. ಎಂಜಿನ್ನು ಜೋರಾಗಿ ಕೂಗುತ್ತಿತ್ತು,
ಆದರೆ ಎಳೆಯುತ್ತಿತ್ತು,
ಪಾಸೊ ದೆ ಇಂಡಿಯೋಸ್‌ವರೆಗೂ ನಾಲ್ಕನೇ ಗೇರಿನಲ್ಲಿ ಎಂಬತ್ತು.
ಚೀಲದೊಳಗಿನ ಹದಿನಾರು ಸೊಂಟಕ್ಕೆ ತಾಗುತ್ತ, ತಾಗುತ್ತ.
ಆ ಎರಡು ಕಿಲೋ ವಿಷಯ
ಅವನಿಗೆ ಇನ್ನೂ ಹೇಳಿಲ್ಲ.